ಸ್ಪೀಚ್ ಥೆರಪಿಸ್ಟರು ಸಂಘದ ಸಲಹಾ ಸಮಿತಿಗೆ ಹೋಗೂದು ಹೆಂಗ, ಹೋದ ಮ್ಯಾಲ ಮಾಡೂದು ಏನು: ಬೆಳಗಾವಿ, ಬಾಗಲಕೋಟಿ, ವಿಜಯಪುರದವರಿಗೆ ಸಮಗ್ರ ಮಾರ್ಗದರ್ಶಿ

ಅಸೋಸಿಯೇಷನ್ ಕಮಿಟಿ ಅಂದಕೂಡ್ಲೆ ನಮ್ಮ ಕಡೆ ಸ್ಪೀಚ್ ಥೆರಪಿಸ್ಟರು ‘ಅದೆಲ್ಲಾ ಬೆಂಗಳೂರು, ಮೈಸೂರಿನೋರ್ದು ರೀ, ನಮಗ್ಯಾಕ’ ಅಂತ ಕೈ ಝಾಡಿಸಿ ಬಿಡ್ತಾರ. ಆಮ್ಯಾಲ ಅದೇ ಮಂದಿ ಚಾ ಕುಡಿಯುವಾಗ ಟೆಸ್ಟ್ ಮಟೀರಿಯಲ್ ನಮ್ಮ ಮಕ್ಕಳಿಗೆ ಹೊಂದಂಗಿಲ್ಲ, ತಾಲೂಕಿನ್ಯಾಗ ಥೆರಪಿ ಸಿಗಂಗಿಲ್ಲ, ಹೊಸ ಗೈಡ್‌ಲೈನ್ ಮಾಡೋರು ನಮ್ಮನ್ನ ಕೇಳಂಗಿಲ್ಲ ಅಂತ ಗೊಣಗ್ತಾರ. ಕೇಳಂಗಿಲ್ಲ ಖರೇ, ಆದ್ರ ಕೇಳೋ ಜಾಗಾದಾಗ ನಾವು ಕುಂತಿರಂಗೂ ಇಲ್ಲಲ್ಲ. ಆ ಜಾಗಾಕ್ಕ ಹೆಂಗ ಹೋಗಬೇಕು, ಹೋದ ಮ್ಯಾಲ ಕುರ್ಚಿ ಬಿಸಿ ಮಾಡಿ ಬರೂದು ಬಿಟ್ಟು ಏನ ಮಾಡಬೇಕು ಅನ್ನೂದನ್ನ ಇಲ್ಲೆ ಒಂದೊಂದಾಗಿ ಬರದೀನಿ.

ಹಂತ 1: ಯಾವ ಕುರ್ಚಿ ಏನ ಮಾಡ್ತೈತಿ ತಿಳಕೋರಿ

ಎಲ್ಲಾ ಕಮಿಟಿ ಒಂದೇ ಅಲ್ಲ. ಕಾರ್ಯಕಾರಿ ಸಮಿತಿ ಅಂದ್ರ ನಿರ್ಣಯ ತಗೊಳ್ಳೋರು, ರೊಕ್ಕ ಖರ್ಚು ಮಾಡೋರು, ಕಡೀಕ ಎಜಿಎಂದಾಗ (ವಾರ್ಷಿಕ ಸಾಮಾನ್ಯ ಸಭೆ) ಲೆಕ್ಕಾ ಕೊಡೋರು. ಎಥಿಕ್ಸ್, ಅಕಾಡೆಮಿಕ್, ಪ್ರಕಟಣೆ, ಸಮ್ಮೇಳನ, ಜನಜಾಗೃತಿ ಅಂತ ಇರೋ ಸ್ಥಾಯಿ ಸಮಿತಿಗಳು ವರ್ಷಪೂರ್ತಿ ಕೆಲಸ ಮಾಡೋವು. ಒಂದ ಕೆಲಸಕ್ಕ ಅಂತ ಹುಟ್ಟಿ, ರಿಪೋರ್ಟ್ ಕೊಟ್ಟು ಮುಗಿಯೋದು ತಾತ್ಕಾಲಿಕ ಸಮಿತಿ. ಸಲಹಾ ಮಂಡಳಿ ಅಂದ್ರ ಸಲಹಾ ಕೊಡೋದು, ಅಷ್ಟ. ಮ್ಯಾಲಿನವರು ಒಪ್ಪಬಹುದು, ಬಿಡಬಹುದು. ಇದನ್ನ ಮೊದಲ ತಲ್ಯಾಗ ಇಟ್ಕೊಂಡ್ರ ಮುಂದ ಸಿಟ್ಟು ಬರೂದು ಅರ್ಧಾ ಕಡಿಮಿ ಆಗ್ತೈತಿ.

ಸಲಹಾ ಮಂಡಳಿ ಅಂದ್ರ ಹಲ್ಲಿಲ್ಲದ್ದು ಅಂತನೂ ತಿಳಕೋಬ್ಯಾಡ್ರಿ. ಅಮೆರಿಕಾದ ಸಂಘ, 1925ರಾಗ ಶುರು ಆಗಿದ್ದ ಆಶಾ (ಅಮೆರಿಕನ್ ಸ್ಪೀಚ್-ಲ್ಯಾಂಗ್ವೇಜ್-ಹಿಯರಿಂಗ್ ಅಸೋಸಿಯೇಷನ್), ಎರಡು ಬ್ಯಾರೆ ಬ್ಯಾರೆ ಸಲಹಾ ಮಂಡಳಿ ಇಟ್ಕೊಂಡೈತಿ. ಆಡಿಯಾಲಜಿಸ್ಟರಿಗೆ (ಕಿವಿ ಕೇಳೂದನ್ನ ನೋಡೋರು) ಒಂದು, ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿಸ್ಟರಿಗೆ (ಎಸ್‌ಎಲ್‌ಪಿ, ಅಂದ್ರ ನಮ್ಮಂಥಾ ಸ್ಪೀಚ್ ಥೆರಪಿಸ್ಟರು) ಒಂದು, ಎರಡರಾಗೂ ರಾಜ್ಯಕ್ಕೊಬ್ಬ ಪ್ರತಿನಿಧಿ. ತಮ್ಮ ರಾಜ್ಯದ ಮಂದಿ ಏನಂತಾರ ಅನ್ನೂದನ್ನ ನಿರ್ದೇಶಕ ಮಂಡಳಿಗೆ ಮುಟ್ಟಸೂದು ಅವರ ಕೆಲಸ. ಎರಡೂ ಬ್ಯಾರೆ ಇಟ್ಟಿದ್ದು ನನಗ ಭಾಳ ಶಾಣ್ಯಾತನ ಅನಸ್ತೈತಿ. ನಮ್ಮಲ್ಲಿ ಬಿಎಎಸ್‌ಎಲ್‌ಪಿ ಒಂದೇ ಡಿಗ್ರಿ, ಕಿವಿನೂ ಮಾತೂ ಕೂಡೇ ಕಲೀತೀವಿ, ಎಂಎಸ್ಸಿಗೆ ಹೋದಾಗ ದಾರಿ ಬ್ಯಾರೆ ಆಗ್ತೈತಿ. ಹಿಂಗಾಗಿ ಕೂಡಿದ ಕಮಿಟ್ಯಾಗ ಹಿಯರಿಂಗ್ ಏಡು, ಇಂಪ್ಲಾಂಟು (ಆಪರೇಷನ್ ಮಾಡಿ ಕಿವ್ಯಾಗ ಕೂಡ್ರಸೋ ಸಾಧನ), ಸ್ಕ್ರೀನಿಂಗು ಅಂತ ಮಶೀನಿನ ವಿಷಯನ ಅಜೆಂಡಾ ತಿಂದು ಬಿಡ್ತಾವ, ಲಕ್ವಾ ಹೊಡದು ಮಾತು ಹೋದವರು, ಉಗ್ಗೋ ಹುಡುಗರು, ನುಂಗಾಕ ಆಗದ ಪೇಶಂಟು ಕಡೀ ಐದು ನಿಮಿಷದಾಗ ‘ಇತರೆ ವಿಷಯ’ ಆಗ್ತಾರ. ನೀವು ಎಸ್‌ಎಲ್‌ಪಿ ಅಂತ ಕುಂತಿದ್ರ ಈ ಸಮಯ ಕಾಯೂದು ನಿಮ್ಮ ಮೊದಲನೇ ಡ್ಯೂಟಿ.

ಹಂತ 2: ಸಂಘದ ಹೊರಗಿನ ಕುರ್ಚಿಗಳನ್ನೂ ನೋಡ್ರಿ

ಇದನ್ನ ಯಾರೂ ಹೇಳಂಗಿಲ್ಲ, ಅದಕ್ಕ ಮೊದಲ ಹೇಳ್ತೀನಿ. ಸರ್ಕಾರದ ಸಮಿತಿಗಳು ಅದಾವ, ಅಲ್ಲಿ ನಮ್ಮ ವೃತ್ತಿಯವರು ಹೋಗಾಕ ದಾರಿ ಐತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಳಗ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡ್ಯಾರ, ಅದರಾಗ ಕಿವುಡುತನದ ಜೊತಿಗೆ ವಾಕ್ ಮತ್ತು ಭಾಷಾ ವೈಕಲ್ಯನೂ ಬ್ಯಾರೇನ ಐತಿ. ಅದೇ ಕಾಯ್ದೆ ಪ್ರಕಾರ ರಾಜ್ಯ ಸಲಹಾ ಮಂಡಳಿ ಇರಬೇಕು, ಅದರಾಗ ಅಂಗವೈಕಲ್ಯ ಮತ್ತ ಪುನರ್ವಸತಿ ಪರಿಣತರು 5 ಜನ, ಜಿಲ್ಲೆಗಳನ್ನ ಪಾಳಿ ಪ್ರಕಾರ ಪ್ರತಿನಿಧಿಸೋರು 5 ಜನ. ಈ ಜಿಲ್ಲಾ ಪ್ರತಿನಿಧಿನ್ನ ಜಿಲ್ಲಾಡಳಿತ ಶಿಫಾರಸು ಮಾಡಿದ್ರನ ನೇಮಕ. ಅಂದ್ರ ಬಾಗಲಕೋಟಿ ನವನಗರದಾಗ ಇರೋ ಒಬ್ಬ ಎಸ್‌ಎಲ್‌ಪಿ ಹೆಸರು ಅಲ್ಲಿಗೆ ಹೋಗಬೇಕಂದ್ರ ಬೆಂಗಳೂರಿನ ಪರಿಚಯ ಬ್ಯಾಡ, ಡಿಸಿ ಆಫೀಸಿನ ಪರಿಚಯ ಸಾಕು. ಜಿಲ್ಲಾ ಮಟ್ಟದ ಸಮಿತಿಗೂ ಅದೇ ಕಾಯ್ದೆ 72ನೇ ಕಲಂ ಐತಿ.

ಇನ್ನೊಂದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇದ್ದವರಿಗೆ ಕಾನೂನು ಪ್ರಕಾರ ಪೋಷಕರನ್ನ (ಗಾರ್ಡಿಯನ್) ನೇಮಿಸೋ ಸ್ಥಳೀಯ ಮಟ್ಟದ ಸಮಿತಿ ಇದರಾಗ ಬರ್ತೈತಿ, ಅಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿಗೆ ಒಂದ ಜಾಗಾ ಇರ್ತೈತಿ. ನೀವು ಅಂಥಾ ಸಂಸ್ಥ್ಯಾಗ ಥೆರಪಿ ಕೊಡ್ತಿದ್ರ ಸಂಸ್ಥೆಯವರನ್ನ ಕೇಳ್ರಿ, ನಾ ಹೋಗ್ಲ್ಯಾ ಅಂತ.

ಹಂತ 3: ಕಾಗದ ಪತ್ರ

ಇಲ್ಲೆ ಲಗೂನ ಮುಗಸ್ತೀನಿ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಚಾಲ್ತಿ ಇರಬೇಕು. 1992ರ ಕಾಯ್ದೆ ಪ್ರಕಾರ ಸಿಆರ್‌ಆರ್ (ಕೇಂದ್ರ ಪುನರ್ವಸತಿ ರಿಜಿಸ್ಟರ್) ನಂಬರ್ ಇಲ್ಲದ ಪ್ರಾಕ್ಟೀಸ್ ಮಾಡಂಗಿಲ್ಲ, 5 ವರ್ಷಕ್ಕೊಮ್ಮೆ ಸಿಆರ್‌ಇ (ಮುಂದುವರಿದ ಪುನರ್ವಸತಿ ಶಿಕ್ಷಣ) ಪಾಯಿಂಟ್ ತೋರಿಸಿ ರಿನ್ಯೂ ಮಾಡಿಸಬೇಕು, ಇದು ತಪ್ಪಿದವರ ನಾಮಪತ್ರ ಎಲ್ಲೂ ನಿಲ್ಲಂಗಿಲ್ಲ. ರಾಷ್ಟ್ರಮಟ್ಟದಾಗ ಇಂಡಿಯನ್ ಸ್ಪೀಚ್ ಅಂಡ್ ಹಿಯರಿಂಗ್ ಅಸೋಸಿಯೇಷನ್, ನಾವು ಇಶಾ ಅಂತೀವಲ್ಲ, ಅದರ ಸದಸ್ಯತ್ವ ಇದ್ರ ಆ ರಶೀದಿ, ನಂಬರ್ ಹುಡುಕಿ ಇಟ್ಕೋರಿ, ವಿಳಾಸ ಬದಲಿ ಆಗಿದ್ರ ಅಪ್‌ಡೇಟ್ ಮಾಡಸ್ರಿ. ಓದುವಾಗ ಮೈಸೂರಿನ ಹಾಸ್ಟೆಲ್ ವಿಳಾಸ ಕೊಟ್ಟು ಈಗ ಜಮಖಂಡ್ಯಾಗ ಇರೋರು ಎಷ್ಟ ಮಂದಿ ಇಲ್ಲ, ಮತಪತ್ರ ಹಾಸ್ಟೆಲಿಗೆ ಹೋದ್ರ ಹಾಸ್ಟೆಲ್ ಮತ ಹಾಕಂಗಿಲ್ಲ.

ಸರ್ಕಾರಿ ನೌಕರಿ ಇದ್ರ ಮ್ಯಾಲಧಿಕಾರಿ ಒಪ್ಪಿಗಿ ಲಿಖಿತದಾಗ ತಗೋರಿ. ಡಿಇಐಸಿ (ಮಕ್ಕಳ ತೊಂದರೆ ಲಗೂನ ಪತ್ತೆ ಮಾಡೋ ಜಿಲ್ಲಾ ಕೇಂದ್ರ) ಒಳಗ ಗುತ್ತಿಗೆ ಮ್ಯಾಲ ಇದ್ದವರು ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸ್ ಮುಖಾಂತರ ಹೋಗ್ರಿ, ಬಾಯಿ ಮಾತಿನ್ಯಾಗ ‘ಹೋಗಿ ಬರ್ರಿ’ ಅಂದವರು ವರ್ಗ ಆಗಿ ಹೋಗ್ತಾರ, ಕಾಗದ ಉಳೀತೈತಿ. ಪ್ರೈವೇಟ್ ಆಸ್ಪತ್ರೆ, ಮೆಡಿಕಲ್ ಕಾಲೇಜಿನವರಿಗೂ ಎಚ್‌ಆರ್ ಕಡಿಂದ ಒಂದ ಎನ್‌ಒಸಿ ಚಲೋ, ಮೀಟಿಂಗಿಗೆ ಹೋದ ದಿನಾ ಆನ್ ಡ್ಯೂಟಿ ಕೊಡ್ತಾರೋ ಸಿಎಲ್ ಹಾಕಬೇಕೋ ಅನ್ನೂದನ್ನ ಆಗನ ಕೇಳಿ ಬಿಡ್ರಿ.

ಹಂತ 4: ಬೈಲಾ ಓದ್ರಿ, ಪೂರಾ

ಬೈಲಾ ಓದಿದವರು ಕಮಿಟ್ಯಾಗ ಇಬ್ರೋ ಮೂವರೋ ಇರ್ತಾರ, ಅವರ ಮಾತು ನಡೀತೈತಿ. ಅವಧಿ ಎಷ್ಟು ವರ್ಷ, ಎರಡನೇ ಸಲ ನಿಲ್ಲಬಹುದೋ, ಚುನಾವಣೆನೋ ನಾಮನಿರ್ದೇಶನನೋ, ಸೂಚಕರು ಅನುಮೋದಕರು ಎಷ್ಟು ಜನಾ ಬೇಕು, ಕೋರಂ (ಸಭಾ ನಡಿಯಾಕ ಬೇಕಾದ ಕನಿಷ್ಠ ಹಾಜರಿ) ಎಷ್ಟು, ಆನ್‌ಲೈನ್ ಹಾಜರಿ ಕೋರಂದಾಗ ಲೆಕ್ಕಕ್ಕ ಬರ್ತೈತೋ ಇಲ್ಲೋ. ಈ ಕಡೀದು ನಮಗ ಜೀವನ್ಮರಣದ ಪ್ರಶ್ನೆ ನೋಡ್ರಿ. ಬೆಳಗಾವಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಹೋಗಿ ಮತ್ತ ರಾತ್ರಿ ಬರೂದು, ವಿಜಯಪುರದವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್. ಎರಡು ತಾಸಿನ ಮೀಟಿಂಗಿಗೆ ಎರಡು ರಾತ್ರಿ. ಟಿಎ ಕೊಡ್ತಾರೋ ಇಲ್ಲೋ, ಕೊಟ್ರ ಯಾವ ಕ್ಲಾಸಿಗೆ ಅನ್ನೂದನ್ನ ನಾಚಿಕಿ ಬಿಟ್ಟು ಮೊದಲ ಕೇಳ್ರಿ. ಬೈಲಾದಾಗ ಆನ್‌ಲೈನ್ ಹಾಜರಿ ಬಗ್ಗೆ ಏನೂ ಇಲ್ಲಂದ್ರ ನಿಮ್ಮ ಮೊದಲನೇ ಪ್ರಸ್ತಾವನೆ ಅದ ಆಗಬಹುದು.

ಜಿಲ್ಲಾ ಮಟ್ಟದಾಗ ನಮ್ಮದ ಒಂದ ಸಂಘ ಮಾಡೂಣು ಅನ್ನೋರಿಗೆ ಒಂದ ಮಾತು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ 7 ಜನಾ ಇದ್ರ ಸಾಕು, ನೋಂದಣಿ ಸಸಾರ. ವರ್ಷಾ ವರ್ಷಾ ಎಜಿಎಂ ಮಾಡಿ, ಆಡಿಟ್ ಮಾಡಿಸಿ, ಪದಾಧಿಕಾರಿಗಳ ಪಟ್ಟಿ ರಿಜಿಸ್ಟ್ರಾರ್ ಕಡೆ ಕೊಡೂದು ಕಷ್ಟ. ಮೂರು ಜಿಲ್ಲಾ ಕೂಡಿಸಿದ್ರೂ ನಾವು ಕೈಬೆರಳೆಣಿಕಿ ಮಂದಿ ಇರುವಾಗ ಹೊಸ ಸಂಘಕ್ಕಿಂತ ಇದ್ದ ಸಂಘದಾಗ ಒಂದ ಗಟ್ಟಿ ಜಾಗಾ ಹಿಡಿಯೂದು ಮೇಲು ಅಂತ ನನ್ನ ಅನಿಸಿಕಿ, ನೀವು ಬ್ಯಾರೆ ಅನಬಹುದು.

ಹಂತ 5: ಒಂದ ವಿಷಯ ಹಿಡೀರಿ

ಹತ್ತು ದೂರು ತಗೊಂಡು ಹೋದವರದು ಒಂದೂ ದಾಖಲ ಆಗಂಗಿಲ್ಲ. ಒಂದ, ಗಟ್ಟಿಯಾಗಿ. ನಮ್ಮ ಮೂರು ಜಿಲ್ಲಾದಾಗ ವಿಷಯಕ್ಕೇನು ಬರ ಇಲ್ಲ. ನಿಪ್ಪಾಣಿ, ಖಾನಾಪುರ ಕಡೆ ಮನ್ಯಾಗ ಮರಾಠಿ ಸಾಲ್ಯಾಗ ಕನ್ನಡ ಇರೋ ಹುಡುಗರ ಭಾಷಾ ಪರೀಕ್ಷೆ ಯಾವ ಭಾಷಾದಾಗ ಮಾಡಬೇಕು. ವಿಜಯಪುರದಾಗ ದಖನಿ ಉರ್ದು ಮಾತಾಡೋ ಅಜ್ಜಾಗ ಲಕ್ವಾ ಆದ್ರ ಅಫೇಸಿಯಾ (ಮೆದುಳಿಗೆ ಪೆಟ್ಟಾಗಿ ಭಾಷಾ ಕೆಡೂದು) ಟೆಸ್ಟ್ ಯಾವುದು ಹಚ್ಚೂದು. ತಾಂಡಾದ ಮಂದಿ ಕಬ್ಬು ಕಡಿಯಾಕ ಗುಳೆ ಹೋದಾಗ ಮಗುವಿನ ಥೆರಪಿ ತಿಂಗಳುಗಟ್ಟಲೆ ನಿಲ್ಲತೈತಿ, ಕಾಕ್ಲಿಯರ್ ಇಂಪ್ಲಾಂಟ್ ಆದ ಕೂಸು ಇದ್ರಂತೂ ಆಪರೇಷನ್ ಮಾಡಿದ್ದರ ಪೂರಾ ಫಾಯ್ದೆ ಸಿಗಂಗಿಲ್ಲ, ಯಾಕಂದ್ರ ಮಶೀನ್ ಕೇಳಸ್ತೈತಿ, ಮಾತು ಕಲಸೂದು ಥೆರಪಿ.

ಆದ್ರ ನಾನು ಒಂದನ್ನ ಆರಿಸ್ರಿ ಅಂದ್ರ ಆಡುಭಾಷೆ ವಿಷಯ ಆರಸ್ತೀನಿ, ಯಾಕಂದ್ರ ಇದಕ್ಕ ರೊಕ್ಕಾ ಬ್ಯಾಡ, ಸರ್ಕಾರದ ಆರ್ಡರ್ ಬ್ಯಾಡ, ಸಂಘದ ಕೈಯಾಗನ ಐತಿ. ಏನಂದ್ರ, ಉಚ್ಚಾರ ಪರೀಕ್ಷೆಯ ಚಿತ್ರ ತೋರಿಸಿ ಇದೇನು ಅಂತೀವಿ, ಉತ್ತರದ ಹಾಳ್ಯಾಗ ‘ಶಾಲೆ’ ಅಂತ ಇರ್ತೈತಿ. ಗೋಕಾಕದ ಆರು ವರ್ಷದ ಹುಡುಗ ‘ಸಾಲಿ’ ಅಂತಾನ. ಅಕ್ಷರಶಃ ಸ್ಕೋರ್ ಮಾಡಿದ್ರ ಶ ಹೋಗಿ ಸ ಬಂತು, ಕಡೀ ಸ್ವರನೂ ಬದಲಿ ಆತು, ಎರಡು ತಪ್ಪು. ಅವರವ್ವ, ಅವರ ಮಾಸ್ತರು, ಪರೀಕ್ಷೆ ಮಾಡೋ ನಾವು ಮನ್ಯಾಗ, ಎಲ್ಲಾರೂ ಸಾಲಿ ಅಂತನ ಅಂತೀವಿ. ಹಂಗ ವಾಕ್ಯದ ಪರೀಕ್ಷ್ಯಾಗ ‘ಹುಡುಗಿ ಹಾಲು ಕುಡಿಯುತ್ತಿದ್ದಾಳೆ’ ಅಂತ ಬರಬೇಕಾದಲ್ಲಿ ‘ಹುಡುಗಿ ಹಾಲ ಕುಡ್ಯಾಕತ್ತಾಳ’ ಅಂದ್ರ ಅದು ಪೂರಾ ಸರಿಯಾದ ಕನ್ನಡ, ಕ್ರಿಯಾಪದದ ಕಾಲ, ಲಿಂಗ, ವಚನ ಎಲ್ಲಾ ಅದರಾಗ ಐತಿ. ಅನುಭವ ಇದ್ದ ಥೆರಪಿಸ್ಟ್ ಇದನ್ನ ತಪ್ಪು ಅಂತ ಹಾಕಂಗಿಲ್ಲ. ಆದ್ರ ಹೊಸದಾಗಿ ಪೋಸ್ಟಿಂಗ್ ಬಂದ ಬ್ಯಾರೆ ಕಡೀ ಹುಡುಗಿ ಏನ ಮಾಡಬೇಕು, ಆಕಿಗೆ ಲಿಖಿತ ಸೂಚನಾ ಎಲ್ಲೈತಿ? ಇದು ಒಂದ ಕಮಿಟಿ ಮಾಡಬಹುದಾದ ಕೆಲಸ.

ಹಂತ 6: ಹೆಸರು ಮುಂದ ಬರಬೇಕು

ನಾಮನಿರ್ದೇಶನ ಕರೆದಾಗ ಅರ್ಜಿ ಜೊತಿ ಒಂದ ಪುಟದ ಆಸಕ್ತಿ ಪತ್ರ ಹಾಕ್ರಿ. ಅದರಾಗ ನಿಮ್ಮ ಬಯೋಡೇಟಾ ಮತ್ತ ಬರೀಬ್ಯಾಡ್ರಿ. ನೀವು ಎಲ್ಲಿ ಕೆಲಸ ಮಾಡ್ತೀರಿ, ಯಾವ ಥರದ ಪೇಶಂಟ್ ಹೆಚ್ಚು ಬರ್ತಾರ, ಕಮಿಟ್ಯಾಗ ಯಾವ ಒಂದ ಕೆಲಸ ಮಾಡಬೇಕಂತೀರಿ, ತಿಂಗಳಿಗೆ ಎಷ್ಟು ತಾಸು ಕೊಡ್ತೀರಿ, ಇಷ್ಟ. ಕಡೀದು ಬರದವರನ್ನ ಅಧ್ಯಕ್ಷರು ಲಗೂನ ಆರಿಸ್ಕೋತಾರ, ಯಾಕಂದ್ರ ಅವರಿಗೆ ಹೆಸರು ಕೊಡೋರು ಭಾಳ, ತಾಸು ಕೊಡೋರು ಕಡಿಮಿ.

ಸೂಚಕರನ್ನ ಹುಡುಕುವಾಗ ನಿಮ್ಮ ಬ್ಯಾಚಿನವರನ್ನ ಅಷ್ಟ ಹಿಡೀಬ್ಯಾಡ್ರಿ. ಬೆಳಗಾವಿ ಮೆಡಿಕಲ್ ಕಾಲೇಜಿನ ಒಬ್ಬ ಸೀನಿಯರ್, ವಿಜಯಪುರದಾಗ ಸ್ವಂತ ಕ್ಲಿನಿಕ್ ಇಟ್ಟ ಒಬ್ಬರು, ಹಿಂಗ ಬ್ಯಾರೆ ಬ್ಯಾರೆ ಕಡೀಂದ ಇದ್ರ ತೂಕ ಬರ್ತೈತಿ. ಆಗಲಿಲ್ಲಂದ್ರ ಸಣ್ಣ ಕಮಿಟಿಂದ ಶುರು ಮಾಡ್ರಿ. ಮಾರ್ಚ್ 3ಕ್ಕ ವಿಶ್ವ ಶ್ರವಣ ದಿನ, ಅಕ್ಟೋಬರ್ 22ಕ್ಕ ಉಗ್ಗುವಿಕೆ ಜಾಗೃತಿ ದಿನ, ಈ ಕಾರ್ಯಕ್ರಮದ ಜವಾಬ್ದಾರಿ ತಗೊಳ್ಳಾಕ ಯಾರೂ ಮುಂದ ಬರಂಗಿಲ್ಲ, ಬಂದವರು ಎಲ್ಲರಿಗೂ ಗುರ್ತ ಆಗ್ತಾರ.

ಪ್ರಮಾಣಪತ್ರಕ್ಕ, ಲೆಟರ್‌ಹೆಡ್ಡಿಗೆ ಅಂತ ಹೋಗೋರು ದಯವಿಟ್ಟು ಹೋಗಬ್ಯಾಡ್ರಿ. ನೀವು ಸುಮ್ನ ಕುಂತ ಜಾಗಾ ಉತ್ತರ ಕರ್ನಾಟಕದ ಜಾಗಾ ಆಗಿರ್ತೈತಿ, ಅದು ಮತ್ತ ಸಿಗೂದು ಯಾವಾಗ.

ಹಂತ 7: ಸಹೋದ್ಯೋಗಿಗಳ ಅಭಿಪ್ರಾಯ ಕೂಡಸ್ರಿ

ಪ್ರತಿನಿಧಿ ಅಂದ್ರ ನಿಮ್ಮ ಸ್ವಂತ ಅಭಿಪ್ರಾಯ ಅಲ್ಲ. ಮೂರು ಜಿಲ್ಲಾದ ಎಸ್‌ಎಲ್‌ಪಿಗಳ ಒಂದ ವಾಟ್ಸಾಪ್ ಗ್ರೂಪ್ ಇರ್ಲಿ, ಆದ್ರ ಅದರಾಗ ಗುಡ್ ಮಾರ್ನಿಂಗ್ ಹೂವಾ ಬರೂದು ಬಂದ್ ಮಾಡಸ್ರಿ, ಇಲ್ಲಂದ್ರ ಕೆಲಸದ ಮೆಸೇಜ್ ಯಾರೂ ನೋಡಂಗಿಲ್ಲ. ಪ್ರಶ್ನೆ ಕೇಳುವಾಗ ‘ನಿಮ್ಮ ಅಭಿಪ್ರಾಯ ತಿಳಿಸಿ’ ಅಂದ್ರ ಯಾರೂ ತಿಳಸಂಗಿಲ್ಲ. ‘ನಿಮ್ಮ ಕಡೆ ಬಂದ ಮಕ್ಕಳು ಈ ಕೆಳಗಿನ ಯಾವ ಶಬ್ದಾ ಬ್ಯಾರೆ ಥರಾ ಅಂತಾರ, ಟಿಕ್ ಮಾಡ್ರಿ’ ಅಂದ್ರ ಸಂಜೀತನಾ ಉತ್ತರ ಬರ್ತಾವ. ಪೇಶಂಟಿನ ಹೆಸರು, ಫೋಟೊ, ವಿಡಿಯೊ, ಊರು ಗ್ರೂಪಿನ್ಯಾಗ ಬರಬಾರ್ದು, ಮಗು ಮಾತಾಡೋ ಆಡಿಯೊ ಸೈತ ಪೋಷಕರ ಲಿಖಿತ ಒಪ್ಪಿಗಿ ಇಲ್ಲದ ಹಾಕೂದು ತಪ್ಪು. ತಾಲೂಕಿನ್ಯಾಗ ಒಬ್ಬೊಬ್ರ ಇರೋ ಥೆರಪಿಸ್ಟರಿಗೆ ಫೋನ್ ಮಾಡ್ರಿ, ಅವರು ಬರಿಯಂಗಿಲ್ಲ ಆದ್ರ ಮಾತಾಡ್ತಾರ, ಮತ್ತ ಅವರ ಮಾತಿನ್ಯಾಗ ನಮಗ ಗೊತ್ತಿಲ್ಲದ್ದು ಇರ್ತೈತಿ.

ಹಂತ 8: ಸಲಹಾ ಟಿಪ್ಪಣಿ ಬರಿಯೂದು

ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಮೀಟಿಂಗಿನ್ಯಾಗ ಎಷ್ಟ ಚಂದ ಮಾತಾಡಿದ್ರೂ ನಡಾವಳಿ ಪುಸ್ತಕದಾಗ ‘ಸದಸ್ಯರು ಚರ್ಚಿಸಿದರು’ ಅಂತ ಎರಡು ಶಬ್ದಾ ಆಗಿ ಹೋಗ್ತೈತಿ. ಅದಕ್ಕ ಒಂದ ಪುಟದ ಟಿಪ್ಪಣಿ ಮೊದಲ ಕಳಸ್ರಿ, ಅಜೆಂಡಾದಾಗ ನಂಬರ್ ಹಾಕಸ್ರಿ. ಸಮಸ್ಯೆ ಏನು, ಯಾರಿಗೆ ಏನ ತ್ರಾಸು, ಸಂಘ ಏನ ಮಾಡಬೇಕು, ಯಾರು ಮಾಡ್ತಾರ, ಯಾವಾಗಿನ ಒಳಗ, ಖರ್ಚೆಷ್ಟು. ಕಡೀಕ ಠರಾವಿನ ಕರಡನ್ನೂ ನೀವ ಬರದು ಕೊಡ್ರಿ, ಕಾರ್ಯದರ್ಶಿಗೆ ಕೆಲಸ ಕಡಿಮಿ ಆದಷ್ಟು ನಿಮ್ಮ ವಿಷಯ ಮುಂದ ಹೋಗ್ತೈತಿ. ನಮೂನೆಗೆ ಹಿಂಗ ನೋಡ್ರಿ, ಇಲ್ಲೆ ಮಾತ್ರ ಬರವಣಿಗೆ ಕನ್ನಡನ ಇರ್ಲಿ:

‘ವಿಷಯ: ಕನ್ನಡ ಉಚ್ಚಾರ ಮತ್ತು ಭಾಷಾ ಪರೀಕ್ಷೆಗಳಲ್ಲಿ ಉತ್ತರ ಕರ್ನಾಟಕದ ಆಡುಮಾತಿನ ರೂಪಗಳಿಗೆ ಅಂಕ ನೀಡುವ ಬಗ್ಗೆ. ಈಗ ಬಳಕೆಯಲ್ಲಿರುವ ಉತ್ತರ ಪಟ್ಟಿಗಳನ್ನು ಅಕ್ಷರಶಃ ಅನುಸರಿಸಿದರೆ ಸಾಲಿ, ಮನಿ, ತಲಿ ಮುಂತಾದ ರೂಪಗಳು ದೋಷವೆಂದು ದಾಖಲಾಗುವ ಸಾಧ್ಯತೆ ಇದೆ. ಇದರಿಂದ ತೊಂದರೆ ಇಲ್ಲದ ಮಗುವಿಗೆ ಚಿಕಿತ್ಸೆ ಸೂಚಿಸುವ, ತೊಂದರೆ ಇರುವ ಮಗುವಿನ ತೀವ್ರತೆಯನ್ನು ತಪ್ಪಾಗಿ ಅಳೆಯುವ ಅಪಾಯವಿದೆ. ಆದ್ದರಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸದಸ್ಯರನ್ನು ಒಳಗೊಂಡ ತಾತ್ಕಾಲಿಕ ಉಪಸಮಿತಿ ರಚಿಸಿ, ಸ್ಥಳೀಯವಾಗಿ ಸರಿಯೆಂದು ಪರಿಗಣಿಸಬೇಕಾದ ರೂಪಗಳ ಪಟ್ಟಿಯನ್ನು ಆರು ತಿಂಗಳೊಳಗೆ ಸಿದ್ಧಪಡಿಸಲು ಠರಾವಿಸಲಾಯಿತು. ಸಭೆಗಳು ಆನ್‌ಲೈನ್ ಮೂಲಕ ನಡೆಯುವುದರಿಂದ ಸಂಘಕ್ಕೆ ಖರ್ಚು ಇರುವುದಿಲ್ಲ.’

ನೋಡ್ರಿ, ಇದರಾಗ ಯಾರನ್ನೂ ಬೈದಿಲ್ಲ. ಟೆಸ್ಟ್ ಕೆಟ್ಟದ್ದು ಅಂದಿಲ್ಲ. ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ) 1965ರಿಂದ ಈ ಕ್ಷೇತ್ರದಾಗ ಕೆಲಸ ಮಾಡ್ಕೋತ ಬಂದೈತಿ, ಕನ್ನಡದ ಪರೀಕ್ಷೆಗಳು ಅಲ್ಲಿಂದ ಬಂದಿದ್ದಕ್ಕನ ನಾವು ಇವತ್ತ ಕನ್ನಡದಾಗ ಅಸೆಸ್‌ಮೆಂಟ್ ಮಾಡಾಕತ್ತೀವಿ. ಅದನ್ನ ಮಾಡಿದವರ ಎದುರಿಗೆ ಕುಂತು ಮಾತಾಡುವಾಗ ಇಷ್ಟು ಮರ್ಯಾದಿ ಇರಬೇಕು, ಮತ್ತ ಅವರ ಶಿಷ್ಯರ ನಿಮ್ಮ ಪ್ರಸ್ತಾವನೆಗೆ ಅನುಮೋದಕರು ಆಗ್ತಾರ.

ಹಂತ 9: ಮೀಟಿಂಗಿನ್ಯಾಗ

ಅಜೆಂಡಾ ಬಂದ ದಿನಾನ ಹಿಂದಿನ ನಡಾವಳಿ ತಗದು ಓದ್ರಿ, ಕ್ರಮ ಕೈಗೊಂಡ ವರದಿ ಕೇಳ್ರಿ. ಹಿಂದಿನ ಠರಾವು ಏನಾತು ಅಂತ ಪ್ರತಿ ಸಲ ಶಾಂತವಾಗಿ ಕೇಳೋ ಒಬ್ಬ ಸದಸ್ಯ ಇದ್ರ ಕಮಿಟಿ ಅರ್ಧಾ ಸುಧಾರಿಸ್ತೈತಿ. ನಿಮ್ಮ ವಿಷಯ ಬರೋ ಮುಂಚೆ ಇಬ್ರು ಮೂವರಿಗೆ ಫೋನ್ ಮಾಡಿ ‘ಸರ್, ಮೇಡಂ, ಹಿಂಗೊಂದು ವಿಷಯ ತಂದೀನಿ, ನಿಮಗೇನ ಅನಸ್ತೈತಿ’ ಅಂತ ಕೇಳಿರ್ರಿ. ಇದು ಲಾಬಿ ಅಲ್ಲ, ಸಭ್ಯತನ. ಒಪ್ಪದವರು ಅಲ್ಲೇ ಕಾರಣಾ ಹೇಳ್ತಾರ, ನೀವು ತಿದ್ದಿಕೊಂಡು ಹೋಗ್ತೀರಿ.

ಬಹುಮತ ನಿಮ್ಮ ವಿರುದ್ಧ ಹೋದ್ರ ‘ನನ್ನ ಭಿನ್ನಾಭಿಪ್ರಾಯ ದಾಖಲ ಮಾಡ್ರಿ’ ಅಂತ ಕೇಳಿ, ಎರಡು ಸಾಲು ಬರಸಿ, ಅಲ್ಲಿಗೆ ಬಿಡ್ರಿ. ಹೊರಗ ಬಂದು ಫೇಸ್‌ಬುಕ್ಕಿನ್ಯಾಗ ಹಾಕಬ್ಯಾಡ್ರಿ.

ಹಿತಾಸಕ್ತಿ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ನೀವು ಹಿಯರಿಂಗ್ ಏಡ್ ಮಾರ್ತಿದ್ರ, ಇಂಪ್ಲಾಂಟ್ ಕಂಪನಿಯ ಕಾರ್ಯಾಗಾರಕ್ಕ ಅವರ ಖರ್ಚಿನ್ಯಾಗ ಹೋಗಿದ್ರ, ನಿಮ್ಮ ಮನಿಯವರ ಥೆರಪಿ ಸೆಂಟರ್ ಇದ್ರ, ಆ ವಿಷಯ ಬಂದಾಗ ಮೊದಲ ಹೇಳಿ ಚರ್ಚೆಯಿಂದ ಹೊರಗಿರ್ರಿ. ಎಥಿಕ್ಸ್ ಸಮಿತ್ಯಾಗಂತೂ ದೂರು ನಿಮ್ಮ ಊರಿನ ಪ್ರತಿಸ್ಪರ್ಧಿ ಕ್ಲಿನಿಕ್ ಮ್ಯಾಲ ಬಂದ್ರ ಆ ಫೈಲನ್ನ ಮುಟ್ಟಾಕ ಹೋಗಬ್ಯಾಡ್ರಿ. ಸಣ್ಣ ಊರು, ಎಲ್ಲಾರಿಗೂ ಎಲ್ಲಾ ಗೊತ್ತಿರ್ತೈತಿ. ದೂರಿನ ವಿವರ ಮನ್ಯಾಗೂ ಹೇಳೂದಲ್ಲ.

ಹಂತ 10: ತಿರುಗಿ ಬಂದು ಹೇಳ್ರಿ, ಬಿಡುವಾಗ ಒಪ್ಪಿಸಿ ಹೋಗ್ರಿ

ಮೀಟಿಂಗ್ ಆದ ವಾರದಾಗ ಗ್ರೂಪಿಗೆ ಹತ್ತು ಸಾಲಿನ ವರದಿ ಹಾಕ್ರಿ. ಏನಾತು, ಏನಾಗಲಿಲ್ಲ, ಮುಂದಿನ ಸಲ ಏನು. ಆಗದ್ದನ್ನ ಮುಚ್ಚಿಡಬ್ಯಾಡ್ರಿ, ಸಲಹಾ ಅಂದಮ್ಯಾಲ ಒಂದೊಂದು ಬಿದ್ದು ಹೋಗ್ತಾವ, ಅದನ್ನ ಮತ್ತ ತಿದ್ದಿ ಮುಂದಿನ ವರ್ಷ ಹಾಕೂದು. ಗೌಪ್ಯ ಅಂದಿದ್ದನ್ನ ಮಾತ್ರ ಬಿಡ್ರಿ.

ಎರಡು ಮೀಟಿಂಗ್ ಸತತ ತಪ್ಪಿಸುವಂಥಾ ಪರಿಸ್ಥಿತಿ ಬಂದ್ರ, ಹೆರಿಗೆ ಇರ್ಲಿ, ವರ್ಗಾವಣೆ ಇರ್ಲಿ, ಪಿಎಚ್‌ಡಿ ಇರ್ಲಿ, ಮೊದಲ ಅಧ್ಯಕ್ಷರಿಗೆ ಪತ್ರ ಬರದು ರಜಾ ಕೇಳ್ರಿ ಇಲ್ಲಾ ಜಾಗಾ ಬಿಟ್ಟು ಕೊಡ್ರಿ. ಅವಧಿ ಮುಗಿಯೋ ಮೊದಲ ನಿಮ್ಮ ಜಾಗಾಕ್ಕ ಯಾರು ಅನ್ನೂದನ್ನ ನೋಡ್ಕೋರಿ, ಈ ಸಲ ನೀವು ಬೆಳಗಾವಿಯವರಿದ್ರ ಮುಂದಿನವರು ಇಂಡಿಯವರೋ ಬಾದಾಮಿಯವರೋ ಇದ್ರ ಚಲೋ. ಟಿಪ್ಪಣಿ, ಠರಾವಿನ ಪ್ರತಿ, ಪತ್ರವ್ಯವಹಾರ, ಶಬ್ದಗಳ ಪಟ್ಟಿ ಎಲ್ಲಾ ಒಂದ ಡ್ರೈವ್ ಫೋಲ್ಡರಿನ್ಯಾಗ ದಿನಾಂಕ ಹಾಕಿ ಇಡ್ರಿ, ನಿಮ್ಮ ಸ್ವಂತ ಜಿಮೇಲಿನ್ಯಾಗ ಅಲ್ಲ, ಸಮಿತಿ ಹೆಸರಿನ ಖಾತ್ಯಾಗ. ಪಾಸ್‌ವರ್ಡ್ ಹೊಸಬರಿಗೆ ಎದುರಿಗೆ ಕೂಡ್ರಿಸಿ ಕೊಟ್ಟು, ಅವರ ಮೊಬೈಲಿನ್ಯಾಗ ಲಾಗಿನ್ ಆತೋ ಇಲ್ಲೋ ನೋಡಿ, ಆಮ್ಯಾಲ ನಿಮ್ಮ ಮೊಬೈಲಿನಿಂದ ಲಾಗ್‌ಔಟ್ ಆಗ್ರಿ.